ಕೆಸರು ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕೂತರೆ...

ಬೇಸಿಗೆ ರಜೆಯಲ್ಲಿ ನಮ್ಮ ಊರಿಗೆ ಬರುವ ನೆಂಟರೆಲ್ಲ ಮೊದಲು ಕೇಳುವುದು ಪಡುಬಿದ್ರಿಯ ಕಡಲನ್ನೇ. ಕೇಳಬೇಕಾದ್ದೇ ಬಿಡಿ. 2020ರಲ್ಲಿ ಅಲ್ಲಿಯ ತೀರಕ್ಕೆ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂದ ಮೇಲಂತೂ ದೂರದೂರದವರು ಹುಡುಕಿಕೊಂಡು ಬರುತ್ತಾರೆ. ಮರಳು ಚೊಕ್ಕ, ನೀರು ಚೊಕ್ಕ, ಕೂರಲು ನೆರಳು. ಅಲ್ಲಿಗೆ ನೀವು ಯಾವಾಗ ಬೇಕಾದರೂ ಹೋಗಿ. ನಾನು ನಿಮ್ಮನ್ನು ಇವತ್ತು ಕರೆದುಕೊಂಡು ಹೋಗುವುದು ಅದರ ತದ್ವಿರುದ್ಧದ ಒಂದು ಜಾಗಕ್ಕೆ. ಅಲ್ಲಿ ಮೊಣಕಾಲವರೆಗೆ ಕೆಸರು. ಸಂಜೆಯಾದರೆ ಸೊಳ್ಳೆ. ಸೊಳ್ಳೆ ಬರುವ ಮೊದಲೇ ಕಣ್ಣಿಗೆ ಕಾಣದಂಥ ನುಸಿ. ಇಷ್ಟು ಹೇಳಿದ ಮೇಲೂ ಬರುತ್ತೇನೆ ಅನ್ನುವವರು ಹಳೆಯ ಸೀರೆ ಉಟ್ಟುಕೊಳ್ಳಿ!

ನಮ್ಮದು ನಂದಿಕೂರು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯಲ್ಲಿ, ಕಡಲಿಗೂ ಹತ್ತಿರ, ಗುಡ್ಡಕ್ಕೂ ಹತ್ತಿರ ಅನ್ನುವಂಥ ಊರು. ಕೊಂಕಣ ರೈಲಿನ ಹಳಿ ನಮ್ಮೂರಿನ ಮೂಲಕವೇ ಹೋಗುತ್ತದೆ. ಮೊದಲು ಅವಿಭಜಿತ ದಕ್ಷಿಣ ಕನ್ನಡದಲ್ಲಿದ್ದವರು 1997ರಲ್ಲಿ ಉಡುಪಿ ಜಿಲ್ಲೆಯವರಾದೆವು, 2018ರಲ್ಲಿ ಕಾಪು ತಾಲೂಕಿನವರಾದೆವು. ಇಲ್ಲಿಂದ ದಕ್ಷಿಣಕ್ಕೆ ಪಲಿಮಾರು. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರು ಅದೇ. ಅದನ್ನೂ ದಾಟಿದರೆ ಶಾಂಭವಿ ಹೊಳೆ. ಈ ಶಾಂಭವಿ ಮುಂದೆ ಮೂಲ್ಕಿಯ ಹತ್ತಿರ ನಂದಿನಿ ಹೊಳೆಯನ್ನು ಕೂಡಿಕೊಂಡು ಕಡಲು ಸೇರುತ್ತಾಳೆ.

ಮಳೆಗಾಲದಲ್ಲಿ ಶಾಂಭವಿಯನ್ನು ನೋಡಿದರೆ ಹೆದರಿಕೆಯಾಗಬೇಕು. ಕೆಂಪು ನೀರು, ತೇಲಿ ಬರುವ ಮರ, ತೆಂಗಿನಕಾಯಿ. ಅದೇ ಏಪ್ರಿಲ್ ಕಳೆಯಲಿ, ಮೇಲಿನಿಂದ ಬರುವ ಸಿಹಿನೀರು ನಿಂತೇಹೋಗುತ್ತದೆ. ಅಲ್ಲಲ್ಲಿ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಇದ್ದಬದ್ದ ಸಿಹಿನೀರನ್ನು ತೋಟ ಗದ್ದೆಗೆಂದು ಹಿಡಿದಿಟ್ಟುಕೊಳ್ಳುತ್ತಾರೆ. ಅಣೆಕಟ್ಟಿನ ಕೆಳಗೆ ಉಳಿಯುವುದು ಕಡಲಿನಿಂದ ಏರಿ ಬರುವ ಉಪ್ಪುನೀರು ಮಾತ್ರ. ಹೊಳೆ ಆಗ ಮುಂದಕ್ಕೆ ಹರಿಯುವುದನ್ನೇ ಮರೆತು, ದಿನಕ್ಕೆರಡು ಸಲ ಹೊಟ್ಟೆ ತುಂಬಿಸಿಕೊಂಡು, ಎರಡು ಸಲ ಖಾಲಿ ಮಾಡಿಕೊಂಡು ಬಿದ್ದಿರುತ್ತದೆ. ಖಾಲಿಯಾದಾಗ ದಂಡೆಯುದ್ದಕ್ಕೂ ಕಪ್ಪು ಕೆಸರು. ಒಂದು ಥರ ಕೊಳೆತ ಮೊಟ್ಟೆಯ ವಾಸನೆ. ನನಗೆ ಮದುವೆಯಾಗಿ ಬಂದ ವರ್ಷ ಆ ವಾಸನೆಗೆ ಊಟ ಸೇರುತ್ತಿರಲಿಲ್ಲ. ನನ್ನ ತವರು ಕಾರ್ಕಳದ ಕಡೆ, ಅಲ್ಲಿ ಹೊಳೆಯೆಂದರೆ ಕಲ್ಲು, ಮರಳು, ತಿಳಿನೀರು. ಈಗ ಇಪ್ಪತ್ತೆರಡು ವರ್ಷ ಕಳೆಯಿತು ನೋಡಿ, ಆ ವಾಸನೆ ಬಂದರೆ ಬಾಯಲ್ಲಿ ನೀರು ಬರುತ್ತದೆ!

ಯಾಕೆಂದರೆ ಆ ಕೆಸರಿನಲ್ಲೇ ಎಲ್ಲ ಇರುವುದು. ದಂಡೆಯ ಕಾಂಡ್ಲಾ ಗಿಡಗಳು ನೀರಿನೊಳಗೆ ಬೇರು ಚಾಚಿ ನಿಂತಿರುತ್ತವೆ. ಅವುಗಳ ಎಲೆ ಉದುರಿ ಕೊಳೆತು ಕೆಸರಾಗುತ್ತದೆ. ಆ ಕೊಳೆತದ್ದನ್ನು ತಿನ್ನಲು ಸಣ್ಣ ಹುಳ, ಸಿಗಡಿ ಮರಿ, ಏಡಿ. ಅವನ್ನು ತಿನ್ನಲು ಮೀನು. ಮೀನು ತಿನ್ನಲು ಕೊಕ್ಕರೆ, ಮತ್ತೆ ನಾವು. ಕಡಲಿನ ಎಷ್ಟೋ ಜಾತಿಯ ಮೀನು, ಸಿಗಡಿಗಳು ಮರಿಯಾಗಿದ್ದಾಗ ಬೆಳೆಯುವುದು ಇಂಥ ಅಳಿವೆಯ ಕೆಸರಿನಲ್ಲಿಯೇ. ಬೇರಿನ ಸಂದಿಗೆ ದೊಡ್ಡ ಮೀನು ನುಗ್ಗುವುದಿಲ್ಲವಲ್ಲ, ಅದಕ್ಕೆ. ನಮ್ಮ ಅತ್ತೆ ಇದನ್ನೆಲ್ಲ ಓದಿದವರಲ್ಲ. ಆದರೆ ಯಾರಾದರೂ ಕಾಂಡ್ಲಾ ಕಡಿಯುವುದನ್ನು ಕಂಡರೆ, “ಬಾಣಂತಿ ಕೋಣೆಯ ಬಾಗಿಲು ಮುರಿಯುತ್ತೀರಾ?” ಎಂದು ದಂಡೆಯಿಂದಲೇ ಗದರಿಸುತ್ತಾರೆ.

ಗಾಳ ಹಾಕಲು ನನಗೆ ಕಲಿಸಿದ್ದೂ ಅತ್ತೆಯೇ. ಈಗ ಅವರಿಗೆ ಎಪ್ಪತ್ತಾರು. ಮಾವ ತೀರಿಹೋದಾಗ ನಮ್ಮವರಿಗೆ ಹನ್ನೆರಡು ವರ್ಷವಂತೆ. ಬೀಡಿ ಕಟ್ಟಿ ಬಂದ ದುಡ್ಡಿನಲ್ಲಿ ಅಕ್ಕಿ, ಹೊಳೆಯಿಂದ ಪದಾರ್ಥ. ಹಾಗೆ ಮೂರು ಮಕ್ಕಳನ್ನು ಸಾಕಿದ್ದು. ಅವರ ಗಾಳಕ್ಕೆ ಕೋಲಿಲ್ಲ. ಹಳೆಯ ಪೌಡರ್ ಡಬ್ಬಿಗೆ ನೈಲಾನ್ ದಾರ ಸುತ್ತಿದ್ದಾರೆ. ದಾರದ ತುದಿಗೆ ಕೊಕ್ಕೆ, ಅದರಿಂದ ಒಂದು ಗೇಣು ಮೇಲೆ ಭಾರಕ್ಕೆಂದು ಒಂದು ತುಕ್ಕು ಹಿಡಿದ ನಟ್. ಅಷ್ಟೇ. ಎಡಗೈಯಲ್ಲಿ ಡಬ್ಬಿ ಹಿಡಿದು ಬಲಗೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಟ್ಟರೆ ಸೊಂಯ್ ಎಂದು ಹೋಗಿ ಬೇಕಾದಲ್ಲಿಯೇ ಬೀಳುತ್ತದೆ. ಆಮೇಲೆ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕೂರುವುದು. ಮೀನು ಕಚ್ಚಿದ್ದು, ಏಡಿ ಎಳೆದದ್ದು, ನೀರಿನ ಸೆಳೆತ ಮೂರನ್ನೂ ಬೆರಳು ಬೇರೆ ಬೇರೆ ಮಾಡಿ ಹೇಳಬೇಕು. ನನಗೆ ಅದು ತಿಳಿಯಲು ಎರಡು ಬೇಸಿಗೆ ಬೇಕಾಯಿತು. ಕಚ್ಚಿದ ಕೂಡಲೇ ಎಳೆಯಬಾರದು. ಮೊದಲ ಸಲ ಮೂಸಿ ನೋಡುತ್ತದೆ, ಎರಡನೇ ಸಲ ಬಾಯಿಗೆ ಹಾಕಿಕೊಳ್ಳುತ್ತದೆ.

ಎರೆ ಏನು ಅನ್ನುತ್ತೀರಾ? ತೆಂಗಿನ ಬುಡದಲ್ಲಿ ಸಿಗುವ ಎರೆಹುಳ, ತುಳುವಿನಲ್ಲಿ ನಕ್ಕುರು ಅನ್ನುತ್ತೇವೆ. ಅದು ಹೇಸಿಗೆ ಅನ್ನುವವರು ಸಿಗಡಿ ಸುಲಿದು ಬಾಲದ ಕಡೆಯಿಂದ ಚುಚ್ಚಬಹುದು. ನಮ್ಮ ಮಗಳು ಮೈದಾ ಹಿಟ್ಟಿಗೆ ಸ್ವಲ್ಪ ಅರಸಿನ ಹಾಕಿ ಉಂಡೆ ಮಾಡಿ ತರುತ್ತಾಳೆ. ಇರ್ಪೆ ಮೀನಿಗೆ ಅದು ಆಗುತ್ತದೆ. (ಇರ್ಪೆ ಅಂದರೆ ಮಲಯಾಳಿಗಳು ಕರಿಮೀನು ಎಂದು ಹೊಗಳುತ್ತಾರಲ್ಲ, ಅದೇ.)

ಎಲ್ಲಕ್ಕಿಂತ ಮುಖ್ಯ ಹೊತ್ತು. ಅದು ಗಡಿಯಾರದ ಹೊತ್ತಲ್ಲ, ನೀರಿನ ಹೊತ್ತು. ಇಳಿತ ಪೂರ್ತಿ ಮುಗಿದು ಭರತ ಸುರುವಾಗುವ ಮೊದಲಿನ ಒಂದೂವರೆ ಗಂಟೆಯೇ ಚಿನ್ನದಂಥದ್ದು. ಅಷ್ಟು ಹೊತ್ತು ಒಣಗಿದ್ದ ಕೆಸರಿನ ಮೇಲೆ ನೀರು ಹರಡಿಕೊಂಡು ಬರುವಾಗ ಅದರ ಜೊತೆಯಲ್ಲೇ ಮೀನು ಹಸಿದುಕೊಂಡು ದಂಡೆಗೆ ಬರುತ್ತದೆ. ಇವತ್ತು ಮೂರು ಗಂಟೆಗೆ ನೀರು ತಿರುಗಿದರೆ ನಾಳೆ ಮುಕ್ಕಾಲು ಗಂಟೆಗೂ ಸ್ವಲ್ಪ ಹೆಚ್ಚು ತಡ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು, ಅಷ್ಟಮಿ ನವಮಿಯ ಆಸುಪಾಸಿಗೆ ಸಪ್ಪೆ. ಹಾಗಾಗಿ ನಮ್ಮನೆಯಲ್ಲಿ ಪಂಚಾಂಗ ನೋಡುವುದು ಬರೀ ವ್ರತಕ್ಕಲ್ಲ!

ಇಳಿತದ ಹೊತ್ತಿಗೆ ಹೋದರೆ ಆಚೆ ಬದಿಯಲ್ಲಿ ಹೆಂಗಸರು ಮರುವಾಯಿ ಆರಿಸುವುದನ್ನು ಕಾಣಬಹುದು. ಕಾಲಿನಲ್ಲೇ ಕೆಸರು ತಡಕಿ, ಗಟ್ಟಿ ಸಿಕ್ಕಿದರೆ ಬಗ್ಗಿ ತೆಗೆದು ಬುಟ್ಟಿಗೆ ಹಾಕುವುದು. ಸೊಂಟ ಮುರಿಯುವ ಕೆಲಸ. ಪೇಟೆಯಲ್ಲಿ ಮರುವಾಯಿ ಕೊಳ್ಳುವಾಗ ಚೌಕಾಸಿ ಮಾಡುವವರು ಒಂದು ದಿನ ಬಂದು ನೋಡಬೇಕು. ಹೊಳೆಗೆ ಬಂದ ಹೆಂಗಸರಿಗೆ ಮರುವಾಯಿಯಾದರೆ ಸರಿ, ಗಾಳವಾದರೆ ಗಂಡಸರ ಕೆಲಸ ಎಂದು ಊರಿನಲ್ಲಿ ಒಂದು ಲೆಕ್ಕ ಉಂಟು. ನಾನು ಮೊದಮೊದಲು ಗಾಳ ಹಿಡಿದು ಕೂತಾಗ ಸೇತುವೆ ಮೇಲೆ ಹೋಗುವವರು ಬೈಕ್ ನಿಲ್ಲಿಸಿ ನೋಡುತ್ತಿದ್ದರು. ಮರುವಾಯಿ ಆರಿಸುವುದು ದುಡಿಮೆ, ಗಾಳ ಹಾಕಿ ಕೂರುವುದು ಸೋಮಾರಿತನ ಅಂತಲೋ ಏನೋ. ಮನೆಕೆಲಸ ಮುಗಿಸಿದ ಹೆಂಗಸು ಎರಡು ಗಂಟೆ ಸುಮ್ಮನೆ ಕೂತದ್ದು ಕಂಡರೆ ಲೋಕಕ್ಕೆ ಯಾಕಿಷ್ಟು ಸಂಕಟ, ನೀವೇ ಹೇಳಿ! ಅದೂ ಸುಮ್ಮನೆ ಕೂತದ್ದಲ್ಲ, ರಾತ್ರಿಯ ಸಾರಿಗೆ ದಾರಿ ಮಾಡಿಕೊಂಡು ಕೂತದ್ದು.

ಇನ್ನು ಸೊಳ್ಳೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಬರೆಯಬೇಕೆಂದೇ ಈ ಲೇಖನಕ್ಕೆ ಕೂತದ್ದು.

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ ನಮ್ಮ ಮಗಳಿಗೆ ಜ್ವರ ಬಂತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಮೊದಲು ಮೈ ನಡುಕ, ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟ. ಆಮೇಲೆ ಬೆಂಕಿಯಂಥ ಜ್ವರ. ಆಮೇಲೆ ಬೆವರಿ ಹಾಸಿಗೆ ಒದ್ದೆ. ಮಾರನೇ ದಿನ ಏನೂ ಇಲ್ಲದವಳಂತೆ ಎದ್ದು ಕೂತಳು. ಮೂರನೇ ದಿನ ಅದೇ ಹೊತ್ತಿಗೆ ಪುನಃ ನಡುಕ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿದರು. ಮಲೇರಿಯ.

ನಮ್ಮವರು ಸಿಟ್ಟಿನವರಲ್ಲ. ಆದರೆ ಮಗಳು ಅಂದರೆ ಪ್ರಾಣ. ಆ ರಾತ್ರಿ ಜಗಲಿಯಲ್ಲಿ ನಿಂತು, “ಅಮ್ಮಾ, ಇನ್ನು ಸಾಕು. ಆ ಸೊಳ್ಳೆ ಹೊಳೆಗೆ ಇನ್ನು ಮೇಲೆ ಯಾರೂ ಹೋಗುವುದು ಬೇಡ. ನೀವೂ ಬೇಡ, ಇವಳೂ ಬೇಡ” ಎಂದುಬಿಟ್ಟರು. ಅತ್ತೆ ಒಂದು ಮಾತೂ ಆಡಲಿಲ್ಲ. ಪೌಡರ್ ಡಬ್ಬಿಯನ್ನು ಅಟ್ಟಕ್ಕೆ ಎಸೆದರು. ಅದಾದ ಮೇಲೆ ಅವರು ಮಧ್ಯಾಹ್ನ ಉಂಡು ಗೋಡೆ ನೋಡುತ್ತ ಮಲಗುವುದನ್ನು ಕಂಡು ನನಗೆ ಮಗಳ ಜ್ವರದ ಜೊತೆಗೆ ಇದೊಂದು ಚಿಂತೆ ಹತ್ತಿಕೊಂಡಿತು. ಅವರಿಗೆ ಟಿವಿ ಸೇರುವುದಿಲ್ಲ. ಬೀಡಿಗೆ ಕಣ್ಣು ಕಾಣುವುದಿಲ್ಲ. ಹೊಳೆ ಬಿಟ್ಟರೆ ಏನುಂಟು ಅವರಿಗೆ?

ನಾಲ್ಕನೇ ದಿನ ಮನೆಗೆ ಬಂದ ಆಶಾ ಕಾರ್ಯಕರ್ತೆ ಚೀಟಿ ತುಂಬಿಸುತ್ತ, “ಕಳೆದ ಹದಿನೈದು ಇಪ್ಪತ್ತು ದಿನ ಇವಳು ಎಲ್ಲೆಲ್ಲಿ ಹೋಗಿದ್ದಳು ಹೇಳಿ” ಎಂದರು. ಹೊಳೆಗೆ ಎಂದರು ನಮ್ಮವರು. “ಯಾವತ್ತಿನಿಂದ?” ಲೆಕ್ಕ ಹಾಕಿದರೆ, ಕ್ಲಾಸು ಕ್ಲಾಸು ಎಂದು ಓಡಾಡಿಕೊಂಡಿದ್ದ ಹುಡುಗಿ ಆ ವರ್ಷ ಹೊಳೆಗೆ ಕಾಲಿಟ್ಟದ್ದೇ ಜ್ವರ ಬರುವುದಕ್ಕೆ ಐದು ದಿನ ಮುಂಚೆ! ಆಕೆ ನಕ್ಕು, “ಹಾಗಾದರೆ ಇದು ಹೊಳೆಯದ್ದಲ್ಲ ಅಣ್ಣಾ. ಮಲೇರಿಯದ ಸೊಳ್ಳೆ ಕಚ್ಚಿದರೆ ಜ್ವರ ಬರಲು ಸಾಮಾನ್ಯವಾಗಿ ಹತ್ತು ಹನ್ನೆರಡು ದಿನವಾದರೂ ಬೇಕು” ಎಂದರು. ಮತ್ತೆ ನಮ್ಮ ಬಾವಿ, ಟಾಂಕಿ ಎಲ್ಲ ನೋಡಿದರು. ಟಾಂಕಿಗೆ ಮುಚ್ಚಳ ಇತ್ತು. ಬೇಲಿಯ ಆಚೆ ಅರ್ಧ ಕಟ್ಟಿದ ಒಂದು ಮನೆ. ಸಿಮೆಂಟಿಗೆ ನೀರು ಬಿಡಲೆಂದು ಕಟ್ಟಿದ್ದ ತೊಟ್ಟಿಯಲ್ಲಿ ಬೆಳ್ಳಗಿನ ತಿಳಿನೀರು. ಬಗ್ಗಿ ನೋಡಿದರೆ ಮರಿಗಳು ನೀರಿನ ಮೇಲ್ಮೈಗೆ ಅಡ್ಡಡ್ಡ ಅಂಟಿಕೊಂಡಂತೆ ಮಲಗಿದ್ದವು. ಮಲೇರಿಯ ಸೊಳ್ಳೆಯ ಮರಿ ಹಾಗೆಯೇ ಮಲಗುವುದಂತೆ. ಉಳಿದವು ತಲೆ ಕೆಳಗೆ ಮಾಡಿ ಬಾಲದಿಂದ ನೇತಾಡುತ್ತವೆ. ನಾನು ಕೈಯಲ್ಲಿ ಲೋಟ ಹಿಡಿದು ನೋಡಿ ನಿಂತುಬಿಟ್ಟೆ.

ಅಂದರೆ ನೋಡಿ, ಕೆಸರು, ವಾಸನೆ ಎಂದು ಮೂಗು ಮುಚ್ಚಿಕೊಳ್ಳುವ ಹೊಳೆಯ ಮೇಲೆ ಅಪವಾದ. ಕಳ್ಳ ಕೂತದ್ದು ಚೊಕ್ಕ ನೀರಿನಲ್ಲಿ. ನಮ್ಮ ಕರಾವಳಿಯ ಊರುಗಳಲ್ಲಿ ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ಟಾಂಕಿ, ಬಾವಿ, ಕಟ್ಟಡದ ತೊಟ್ಟಿ, ತಾರಸಿಯಲ್ಲಿ ನಿಂತ ಮಳೆನೀರು ಇಂಥ ಕಡೆ. ಡೆಂಗಿಯ ಸೊಳ್ಳೆಯೂ ಹಾಗೆಯೇ. ಅದಕ್ಕೆ ಒಂದು ಗೆರಟೆ, ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲಿನ ಚಿಪ್ಪು ಸಾಕು. ಮತ್ತೆ ಅದು ಕಚ್ಚುವುದು ಹಗಲಿನಲ್ಲಿ. ಹೊಳೆಯಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುವ ಕಡೆ ಮೀನು ಮರಿಗಳೇ ಸೊಳ್ಳೆ ಮರಿಗಳನ್ನು ತಿಂದು ಮುಗಿಸುತ್ತವೆ. ಆರೋಗ್ಯ ಇಲಾಖೆಯವರು ಬಾವಿ, ಕೆರೆಗೆ ಗಪ್ಪಿ, ಗಂಬೂಸಿಯ ಎಂಬ ಪುಟ್ಟ ಮೀನು ಬಿಡುವುದು ಇದೇ ಉಪಾಯದಿಂದ. ಸಂಜೆ ಹೊಳೆಬದಿಯಲ್ಲಿ ಗುಂಯ್ ಎಂದು ಮುತ್ತುವವು ಬಹುಪಾಲು ದಂಡೆಯ ಚರಂಡಿ, ನಿಂತ ಕೊಚ್ಚೆಯ ಸೊಳ್ಳೆಗಳು. ಅವೂ ಒಳ್ಳೆಯವೇನಲ್ಲ, ಆನೆಕಾಲು ರೋಗ ಹರಡುವುದು ಆ ಜಾತಿಯೇ. ಅದಕ್ಕೇ ಕಚ್ಚಿಸಿಕೊಳ್ಳಬೇಡಿ ಎಂದು ನಾನೂ ಹೇಳುವುದು.

ಮಗಳಿಗೆ ಹದಿನಾಲ್ಕು ದಿನ ಗುಳಿಗೆ ಕೊಟ್ಟರು. ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ಮೂರನೇ ದಿನಕ್ಕೇ ಜ್ವರ ಬಿಡುತ್ತದೆ, ಮಕ್ಕಳು ಇನ್ನು ಬೇಡ ಎಂದು ಮುಖ ತಿರುಗಿಸುತ್ತಾರೆ, ನಾವೂ ಉಷ್ಣವಾಗುತ್ತದೆ ಎಂದು ಬಿಟ್ಟುಬಿಡುತ್ತೇವೆ. ಆದರೆ ವೈವಾಕ್ಸ್ ಎಂಬ ಮಲೇರಿಯ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಅಡಗಿ ಕೂತು ತಿಂಗಳು ಕಳೆದ ಮೇಲೆ ಪುನಃ ಏಳುತ್ತದೆ. ಅದನ್ನು ಅಲ್ಲಿಂದ ಎಬ್ಬಿಸಲಿಕ್ಕೇ ಹದಿನಾಲ್ಕು ದಿನದ ಗುಳಿಗೆ. ಗರ್ಭಿಣಿಯರಿಗೆ, ಎಳೆಗೂಸುಗಳಿಗೆ ಅದನ್ನು ಕೊಡುವುದಿಲ್ಲ. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟದ್ದನ್ನು ನೀವು ನುಂಗುವ ಹಾಗಿಲ್ಲ, ಡಾಕ್ಟರರು ಹೇಳಿದಂತೆಯೇ. ರಕ್ತ ಪರೀಕ್ಷೆ, ಔಷಧಿ ಎರಡೂ ಸರಕಾರಿ ಕೇಂದ್ರದಲ್ಲಿ ಉಚಿತ.

ಪಕ್ಕದ ಕಟ್ಟಡದವರು ಮೊದಲು ಒಪ್ಪಲಿಲ್ಲ. ಪಂಚಾಯತಿಯ ಕಡೆಯಿಂದ ಹೇಳಿಸಿದ ಮೇಲೆ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಒಣಗಿಸಲು ಒಪ್ಪಿದರು. ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ಒಣಗಿಸಿದರೆ ಅದು ಹಾರುವ ಮೊದಲೇ ಮುಗಿಯಿತು. ನಾನೀಗ ಪ್ರತಿ ಶುಕ್ರವಾರ ನಮ್ಮ ಅಂಗಳವನ್ನೂ ಹಾಗೆಯೇ ನೋಡುತ್ತೇನೆ. ಪೂಜೆಗೆಂದು ಹೊಸ್ತಿಲು ತೊಳೆಯುವ ದಿನವೇ ಗೆರಟೆ ಮಗುಚುವ ದಿನ.

ನಮ್ಮವರು? ಅವರೇ ಅಟ್ಟ ಹತ್ತಿ ಪೌಡರ್ ಡಬ್ಬಿ ತೆಗೆದು, ಧೂಳು ಒರೆಸಿ, ಅತ್ತೆಯ ದಿಂಬಿನ ಹತ್ತಿರ ಇಟ್ಟರು. ಒಂದೇ ಷರತ್ತು, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು. ಅತ್ತೆ ಅದಕ್ಕೂ ಉತ್ತರ ಕೊಡಲಿಲ್ಲ. ನಕ್ಕುರು ಅಗೆಯಲು ಹೋದರು.

ನೀವು ಇಂಥ ಹೊಳೆಬದಿಗೆ ಹೋಗುವುದಾದರೆ ನಮ್ಮ ಪದ್ಧತಿ ಹೇಳುತ್ತೇನೆ. ಪೂರ್ತಿ ತೋಳಿನ ಹಳೆಯ ಶರ್ಟು ರವಿಕೆಯ ಮೇಲೆ ಹಾಕಿಕೊಳ್ಳುವುದು. ಕೈಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚುವುದು, ನುಸಿಗೆ ಅದು ಚೆನ್ನಾಗಿ ಆಗುತ್ತದೆ. ತಲೆಗೆ ಹಾಳೆಯ ಮುಟ್ಟಾಳೆ, ಕೂರಲೂ ಒಂದು ಹಾಳೆ. ಗಾಳಿ ಬರುವ ಕಡೆ ಒಣ ತೆಂಗಿನ ಸಿಪ್ಪೆಗೆ ಬೆಂಕಿ ತಾಗಿಸಿ ಹೊಗೆ ಹಾಕುವುದು. ಕೆಸರಿಗೆ ಚಪ್ಪಲಿ ಬೇಡ, ಕಿತ್ತುಕೊಂಡು ಹೋಗುತ್ತದೆ. ಕಾಲು ಹೂತುಹೋದರೆ ನೇರ ಮೇಲಕ್ಕೆ ಎಳೆಯಬಾರದು. ಹಿಂದಕ್ಕೆ ಕೂತು ಮೆಲ್ಲಗೆ ಆಚೀಚೆ ಅಲ್ಲಾಡಿಸಿ ಬಿಡಿಸಿಕೊಳ್ಳಬೇಕು. ಮಕ್ಕಳನ್ನು ಮಾತ್ರ ನೀರಿಗೆ ಬಿಡಲೇಬೇಡಿ. ಮರಳು ತೆಗೆದ ಹೊಂಡಗಳು ಮೇಲಿನಿಂದ ಕಾಣುವುದಿಲ್ಲ. ಮತ್ತೆ ಮೀಸೆಯ ಮೀನು, ನಾವು ತೇಡೆ ಅನ್ನುವುದು, ಸಿಕ್ಕಿದರೆ ಬರಿಗೈಯಲ್ಲಿ ಹಿಡಿಯಬೇಡಿ. ಅದರ ಮುಳ್ಳಿಗೆ ವಿಷ ಉಂಟು. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆ ಕೈ ಇಟ್ಟುಕೊಂಡರೆ ನೋವು ಇಳಿಯುತ್ತದೆ. ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರರ ಹತ್ತಿರ ಹೋಗಲೇಬೇಕು.

ಒಂಟಿಯಾಗಿ ಕೂರಲು ಬೇಜಾರು, ಜನ ಬೇಕು ಅನ್ನುವವರಿಗೆ ಖಂಡೇವು ಉಂಟು. ನಮ್ಮ ತುಳುವಿನಲ್ಲಿ ‘ಎರ್ಮಾಳ್ ಜಪ್ಪು, ಖಂಡೇವು ಅಡೆಪು’ ಎಂಬ ಮಾತಿದೆ. ನಮ್ಮ ಹತ್ತಿರದ ಎರ್ಮಾಳಿನಲ್ಲಿ ಸುರುವಾದ ಜಾತ್ರೆಗಳ ಕಾಲ ಚೇಳಾಯರಿನ ಖಂಡಿಗೆಯಲ್ಲಿ ಮುಗಿಯುತ್ತದೆ ಅಂತ. ಖಂಡಿಗೆಯ ಧರ್ಮರಸು ಉಳ್ಳಾಯ ದೈವಸ್ಥಾನದ ಬದಿಯಲ್ಲಿ ನಂದಿನಿ ಹರಿಯುತ್ತಾಳೆ, ನಮ್ಮ ಶಾಂಭವಿಯನ್ನು ಮೂಲ್ಕಿಯಲ್ಲಿ ಕೂಡುವವಳೇ. ಮೇ ತಿಂಗಳ ನಡುವೆ, ಪಗ್ಗು ಮುಗಿದು ಬೇಶ ಹಿಡಿಯುವ ಸಂಕ್ರಮಣದಂದು ಹೊಳೆಗೆ ಪ್ರಸಾದ ಹಾಕಿ ಕದೋನಿ ಸಿಡಿಸಿದ್ದೇ ತಡ, ಕಾದು ನಿಂತ ಜನವೆಲ್ಲ ಬಲೆ, ಬುಟ್ಟಿ ಹಿಡಿದು ಕೆಸರು ನೀರಿಗೆ ಧುಮುಕುತ್ತಾರೆ. ಜಾತಿ ಮತ ಯಾವುದೂ ಇಲ್ಲ. ಆ ದಿನದ ಮೀನು ಪ್ರಸಾದವೆಂದು ನಂಬಿಕೆ. ನಾನು ಎರಡು ಸಲ ಹೋಗಿದ್ದೇನೆ. ಮೀನಿಗಿಂತ ಜನ ಹೆಚ್ಚು, ಸದ್ದು ಹೆಚ್ಚು. ಅತ್ತೆ ಒಂದೇ ಸಲ ಬಂದವರು, “ಇದು ಹಬ್ಬ, ಗಾಳ ಅಲ್ಲ” ಎಂದು ದಂಡೆಯಲ್ಲೇ ಕೂತು ಕಡ್ಲೆ ತಿಂದು ಬಂದರು.

ಹೊಳೆ ಮೀನಿಗೆ ಕೆಸರು ವಾಸನೆ ಎಂದು ದೂರುವವರಿಗೆ ಒಂದು ಮಾತು. ಅದಕ್ಕೆ ಮದ್ದು ಹುಳಿ. ಇರ್ಪೆಯನ್ನು ಒರಟು ಕಲ್ಲಿಗೆ ತಿಕ್ಕಿ ಕಪ್ಪು ತೆಗೆದು, ಹೊಟ್ಟೆಯ ಒಳಗಿನ ಕರಿ ಪೊರೆಯನ್ನೂ ಬಿಡದೆ ಕೆರೆದು, ಕಲ್ಲುಪ್ಪು, ಅರಸಿನ, ಹುಣಸೆ ರಸ ಸವರಿ ಅರ್ಧ ಗಂಟೆ ಇಡಿ, ಮತ್ತೆ ತೊಳೆಯಿರಿ. ಅರ್ಧ ಕಿಲೋ ಮೀನಿಗೆ ಹತ್ತು ಬ್ಯಾಡಗಿ ಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ನಾಲ್ಕೇ ಕಾಳು ಮೆಂತೆ ಹುರಿದು, ಐದಾರು ಎಸಳು ಬೆಳ್ಳುಳ್ಳಿ, ಸಣ್ಣ ನಿಂಬೆ ಗಾತ್ರದ ಹುಣಸೆ ಸೇರಿಸಿ ನುಣ್ಣಗೆ ಅರೆಯಿರಿ. ತೆಂಗಿನಕಾಯಿ ಬೇಡ, ಇದು ಪುಳಿಮುಂಚಿ. ಮಣ್ಣಿನ ಬಿಸಲೆಯಲ್ಲಿ ಮಸಾಲೆ ಕುದಿಸಿ, ಕುದಿಯುವಾಗ ಮೀನು ಬಿಡಿ. ಸೌಟು ಹಾಕಬೇಡಿ, ಬಿಸಲೆಯನ್ನೇ ಹಿಡಿದು ತಿರುಗಿಸಿ. ಹತ್ತು ನಿಮಿಷ ಸಾಕು. ಬೇಸಿಗೆಯಲ್ಲಿ ಹುಣಸೆ ಅರ್ಧ ಮಾಡಿ ನಾಲ್ಕು ತುಂಡು ಮಾವಿನಕಾಯಿ ಹಾಕಿದರೆ ಇನ್ನೂ ರುಚಿ. ಕುಚ್ಚಲಕ್ಕಿ ಅನ್ನಕ್ಕೆ ಮರುದಿನ ಬೆಳಿಗ್ಗೆ ಕಲಸಿಕೊಂಡರೆ ಕೇಳುವುದೇ ಬೇಡ. ಬಾಲದ ತುಂಡು ಮಾತ್ರ ನಮ್ಮನೆಯಲ್ಲಿ ಯಾರಿಗೂ ಇಲ್ಲ, ಅದು ಗಾಳ ಹಾಕಿದವರದ್ದು.